ಬಂಡೀಪುರ, ಕಬಿನಿ ನೋಡಿಯಾಯ್ತು. ದೇಶದ ಬೇರೆ ಕಾಡುಗಳಲ್ಲಿ ಮೊದಲು ಯಾವುದಕ್ಕೆ ಹೋಗೋಣ?

ದಾವಣಗೆರೆ ದಾರಿಹೋಕ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ಐದು ಜನ. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ನಮ್ಮಮ್ಮ. ಅಮ್ಮನಿಗೆ ಅರವತ್ತೆಂಟು, ಮಂಡಿನೋವಿದೆ, ಆದರೂ ಊರು ಸುತ್ತೋಣ ಅಂದರೆ ಎಲ್ಲರಿಗಿಂತ ಮೊದಲು ಬ್ಯಾಗು ತುಂಬುವವರು ಅವರೇ. ಬಂಡೀಪುರ, ನಾಗರಹೊಳೆ, ಕಬಿನಿ, ದಾಂಡೇಲಿ ಎಲ್ಲಾ ಆಗಿದೆ. ಇನ್ನು ಮುಂದೆ ವರ್ಷಕ್ಕೆ ಒಂದೋ ಎರಡೋ ಅಂತ ಹೊರರಾಜ್ಯದ ರಾಷ್ಟ್ರೀಯ ಉದ್ಯಾನಗಳನ್ನ ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ರಜೆ ಸಿಗೋದು ದಸರಾಕ್ಕೆ, ಕ್ರಿಸ್‌ಮಸ್ ಹೊತ್ತಿಗೆ, ಏಪ್ರಿಲ್–ಮೇಗೆ. ಹತ್ತಿರದಲ್ಲಿ ಒಂದು ದೇವಸ್ಥಾನ, ಒಂದು ನದಿ ಇದ್ದರೆ ಅಮ್ಮನಿಗೆ ಸಮಾಧಾನ.

ಒಬ್ಬ ಟೂರ್ ಏಜೆಂಟ್ ಎಂಟು ದಿನದಲ್ಲಿ ರಣಥಂಬೋರ್, ಕಾರ್ಬೆಟ್, ಕಾನ್ಹಾ, ಬಾಂಧವಗಢ ನಾಲ್ಕನ್ನೂ ತೋರಿಸ್ತೀವಿ ಅಂತ ಪಟ್ಟಿ ಕೊಟ್ಟಿದ್ದಾರೆ. ಹೋಗಿ ಬಂದವರು ದಯವಿಟ್ಟು ಹೇಳಿ, ಇದು ಆಗುವ ಮಾತಾ? ಆಗದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಕಾಟಿ ಕಡವೆ, ಮೈಸೂರು

ಆ ಪಟ್ಟಿ ಒಪ್ಪಬೇಡಿ. ಒಮ್ಮೆ ನಕಾಶೆ ತೆಗೆದು ನೋಡಿ. ಕಾರ್ಬೆಟ್ ಇರೋದು ಹಿಮಾಲಯದ ಬುಡದಲ್ಲಿ, ಉತ್ತರಾಖಂಡದಲ್ಲಿ. ರಣಥಂಬೋರ್ ರಾಜಸ್ಥಾನದ ಪೂರ್ವಕ್ಕೆ. ಕಾನ್ಹಾ ಮಧ್ಯಪ್ರದೇಶದ ಆಗ್ನೇಯ ಮೂಲೆಗೆ. ಎಂಟು ದಿನದಲ್ಲಿ ಅರ್ಧಕ್ಕರ್ಧ ರೈಲಿನಲ್ಲೂ ಟ್ಯಾಕ್ಸಿಯಲ್ಲೂ ಕಳೆಯುತ್ತೆ. ಉಳಿದದ್ದರಲ್ಲಿ ಒಂದೊಂದು ಕಾಡಿಗೆ ಒಂದೊಂದು ಸಫಾರಿ ಸಿಕ್ಕರೆ ಅದೇ ಹೆಚ್ಚು. ಅಮ್ಮನ ಮಂಡಿ ಗತಿ ಏನಾಗಬೇಕು?

ಇನ್ನೊಂದು ಮಾತು. ಆ ನಾಲ್ಕು ಕಾಡುಗಳನ್ನೂ ಏಜೆಂಟರು ಮಾರೋದು ಹುಲಿಯ ಹೆಸರಲ್ಲಿ. ಹುಲಿ ನೋಡೋಕೆ ಕರ್ನಾಟಕದವರು ಅಷ್ಟು ದೂರ ಹೋಗಬೇಕಾಗಿಲ್ಲ. 2022ರ ಅಂದಾಜಿನಲ್ಲಿ ಮಧ್ಯಪ್ರದೇಶದಲ್ಲಿ 785 ಹುಲಿ, ನಮ್ಮಲ್ಲಿ 563, ಉತ್ತರಾಖಂಡದಲ್ಲಿ 560. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ದೇಶದಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರೀಯ ಉದ್ಯಾನಗಳಿವೆ. ಅಷ್ಟರಲ್ಲಿ ಆರಿಸೋವಾಗ ನಾನು ಕೇಳಿಕೊಳ್ಳೋದು ಒಂದೇ ಪ್ರಶ್ನೆ: ನಮ್ಮ ನಾಡಿನಲ್ಲಿ ಇಲ್ಲದ್ದು ಅಲ್ಲೇನಿದೆ? ಬ್ರಹ್ಮಪುತ್ರದ ಆನೆಹುಲ್ಲು, ಉಪ್ಪುನೀರಲ್ಲಿ ನಿಂತ ಸುಂದರಬನ, ಗಿರ್‌ನ ಸಿಂಹ, ಮಧ್ಯಭಾರತದ ಸಾಲ್ ಕಾಡು, ಲಡಾಖಿನ ಹಿಮ ಇವು ಮನೆ ಹತ್ತಿರ ಎಲ್ಲಿ ಸಿಗುತ್ತೆ ಹೇಳಿ? ನೆಲ ಬೇರೆ ಆದಾಗ ಮಕ್ಕಳ ಕಣ್ಣು ತಾನಾಗಿ ಅರಳುತ್ತೆ.

ನಿಮಗೆ ನಾನು ಮೊದಲು ಹೇಳೋದು ಕಾನ್ಹಾ, ಅದೂ ಡಿಸೆಂಬರಿನಲ್ಲಿ, ಬಾರಾಸಿಂಗಾಗೋಸ್ಕರ. ದೊಡ್ಡ ಕೋಡಿನ ಜಿಂಕೆ ಜಾತಿ ಅದು. ಕಾಜಿರಂಗದಲ್ಲೂ ದುಧ್ವಾದಲ್ಲೂ ಇರುವ ಅದರ ಬಂಧುಗಳು ಜೌಗಿನಲ್ಲಿ ಬಾಳುವಂಥವು, ಕಾಲಿನ ಗೊರಸು ಅಗಲಿಸಿಕೊಂಡಿರುತ್ತೆ. ಕಾನ್ಹಾದ್ದು ಗಟ್ಟಿ ನೆಲಕ್ಕೆ ಒಗ್ಗಿದ್ದು. 1970ರಲ್ಲಿ ಎಣಿಸಿದಾಗ ಉಳಿದದ್ದು 66 ಮಾತ್ರ. ಬೇಲಿ ಹಾಕಿದ ಜಾಗದಲ್ಲಿ ಮರಿಗಳನ್ನ ಕಾಪಾಡಿ, ಹುಲ್ಲುಗಾವಲು ಹೆಚ್ಚಿಸಿ, ಇವತ್ತು ಬೇರೆ ಕಾಡಿಗೂ ಸಾಗಿಸುವಷ್ಟು ಸಂತತಿ ಬೆಳೆದಿದೆ. ಡಿಸೆಂಬರ್–ಜನವರಿ ಅವುಗಳ ಬೆದೆಯ ಕಾಲ. ಗಂಡು ತಲೆ ಬಗ್ಗಿಸಿ ಕೋಡಿನಿಂದ ಹುಲ್ಲು ಕೆದರಿ ಎತ್ತುತ್ತೆ. ಉದ್ದುದ್ದ ಹುಲ್ಲೆಳೆಗಳು ಕೋಡಿಗೆ ಸಿಕ್ಕಿ ಮುಖದ ಎರಡೂ ಕಡೆ ಜೋತಾಡ್ತಿರುತ್ತೆ, ಹಾಗೇ ತಲೆಯೆತ್ತಿ ಮಂಜಿನೊಳಗೆ ಕೂಗುತ್ತೆ. ನಮ್ಮ ಗಾಡಿ ನಿಲ್ಲಿಸಿದ ಜಾಗದಿಂದ ಕೋಡಿನ ಮೇಲಿನ ಇಬ್ಬನಿ ಕೂಡ ಕಾಣುತ್ತಿತ್ತು. ಹುಲಿ ಹುಡುಕುವ ಗಾಡಿಗಳು ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋದವು, ಒಬ್ಬರೂ ನಿಲ್ಲಿಸಲಿಲ್ಲ.

ಮಕ್ಕಳಿಗೆ ಇದನ್ನೂ ಹೇಳಿ: ಇವತ್ತು ನೋಡಿ ಸಂತೋಷಪಡುವ ಆ ಹುಲ್ಲು ಮೈದಾನಗಳಲ್ಲಿ ಹಲವು ಹಿಂದೆ ಬೈಗಾ, ಗೊಂಡ ಜನರ ಹಳ್ಳಿ, ಹೊಲ. ಅವರನ್ನ ಎಬ್ಬಿಸಿದ ಮೇಲೆ ಹುಲ್ಲು ಬೆಳೆದದ್ದು. ನಾಗರಹೊಳೆಯ ಜೇನುಕುರುಬರ ಪಾಡು ಬಲ್ಲ ನಮಗೆ ಇದು ಹೊಸ ಕಥೆಯಲ್ಲ.

ಅಮ್ಮನಿಗೆ ಜಬಲ್ಪುರ. ಅಲ್ಲೇ ಭೇಡಾಘಾಟ್, ನರ್ಮದೆ ಅಮೃತಶಿಲೆಯ ಬಂಡೆ ಸೀಳಿಕೊಂಡು ಹರಿಯುತ್ತಾಳೆ. ದೋಣಿಯಲ್ಲಿ ಹೋಗಬಹುದು. ಧುಆಂಧಾರ್ ಜಲಪಾತ ಅಲ್ಲೇ. ಚೌಸಠ್ ಯೋಗಿನಿ ಗುಡಿಗೆ ಮಾತ್ರ ಮೆಟ್ಟಿಲು ಬಹಳ, ಅಮ್ಮನನ್ನ ಕೆಳಗೇ ಕೂರಿಸಿ.

ಬೇಲೂರು ಹುಡುಗ

ಕಾನ್ಹಾ ಡಿಸೆಂಬರ್ ಅಂದರೆ ಚಳಿ ನೆನಪಿರಲಿ ಅಣ್ಣಾ. ಬೆಳಗಿನ ಜಾವ ತೆರೆದ ಜಿಪ್ಸಿಯಲ್ಲಿ ಕೂತಾಗ ಸೊನ್ನೆ ಡಿಗ್ರಿ ಹತ್ತಿರ ಇರುತ್ತೆ. ದಾವಣಗೆರೆ ಸ್ವೆಟರ್ ಸಾಲಲ್ಲ. ಕಿವಿ ಮುಚ್ಚುವ ಟೋಪಿ, ಕೈಗವಸು ಎಲ್ಲರಿಗೂ ಬೇಕು, ಮುಖ್ಯವಾಗಿ ಅಮ್ಮನಿಗೆ.

ಗುವಾಹಟಿ ಕನ್ನಡಿಗ

ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆಸಿದವನು. ಕಾಟಿ ಕಡವೆಯವರು ಆನೆಹುಲ್ಲು ಅಂದರು, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು ಅನಿಸ್ತು.

ಕಾಜಿರಂಗ ಅಂದರೆ ಬಂಡೀಪುರದಂಥ ಮರಗಳ ಕಾಡು ಅಂದುಕೊಂಡು ಬರಬೇಡಿ. ಬ್ರಹ್ಮಪುತ್ರದ ದಕ್ಷಿಣ ದಡದ ಬಯಲು ಅದು. ಆನೆ ಒಳಗೆ ಹೊಕ್ಕರೆ ಬೆನ್ನು ಮಾತ್ರ ಕಾಣುವಷ್ಟು ಎತ್ತರದ ಹುಲ್ಲು, ನಡುನಡುವೆ ನೀರು ನಿಂತ ಬೀಲ್‌ಗಳು. ಇಲ್ಲಿನವರು ಕೆರೆಯಂಥ ಆ ತಗ್ಗುಗಳನ್ನ ಕರೆಯೋದು ಹಾಗೆ. 2022ರ ಗಣತಿಯಲ್ಲಿ ಇಲ್ಲಿ 2,613 ಒಂಟಿಕೊಂಬಿನ ಘೇಂಡಾಮೃಗ ಸಿಕ್ಕವು. ಪ್ರಪಂಚದ ಒಟ್ಟು ಸಂಖ್ಯೆಯಲ್ಲಿ ಇದೇ ದೊಡ್ಡ ಪಾಲು. 1908ರಲ್ಲಿ ಇದನ್ನ ಮೀಸಲು ಅರಣ್ಯ ಮಾಡಿದಾಗ ಉಳಿದಿದ್ದವು ಬೆರಳೆಣಿಕೆಯಷ್ಟು. 1974ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ಯುನೆಸ್ಕೊ ಪಟ್ಟಿ.

ಪ್ರತಿ ಮಳೆಗಾಲ ನದಿ ಉಕ್ಕಿ ಉದ್ಯಾನದ ಬಹುಪಾಲು ಮುಳುಗುತ್ತೆ. ಆಗ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಗುಡ್ಡಗಳಿಗೆ ಹತ್ತುತ್ತವೆ. ಆ ದಿನಗಳಲ್ಲಿ ಹೆದ್ದಾರಿಯಲ್ಲಿ ವಾಹನದ ವೇಗಕ್ಕೆ ಕಡಿವಾಣ ಹಾಕ್ತಾರೆ, ತಪ್ಪಿದವರಿಗೆ ದಂಡ. ನೆರೆಯಲ್ಲಿ ಸಾಯುವ ಪ್ರಾಣಿಗಳ ಸುದ್ದಿ ಪ್ರತಿವರ್ಷ ಕೇಳಿ ಸಂಕಟ ಆಗುತ್ತೆ. ಆದರೆ ನೆರೆಯೇ ಬರದಿದ್ದರೆ ಬೀಲ್‌ಗಳು ಹೂತುಹೋಗಿ, ಹುಲ್ಲಿನ ಜಾಗದಲ್ಲಿ ಗಿಡಮರ ಎದ್ದು, ಘೇಂಡಾಮೃಗಕ್ಕೆ ಮೇವೇ ಇಲ್ಲದಂತಾಗುತ್ತೆ. ಈ ಕಾಡಿಗೆ ನೆರೆ ಬೇಕೇ ಬೇಕು.

ಇದೇ ಕಾರಣಕ್ಕೆ ಮಳೆಗಾಲದಲ್ಲಿ ಉದ್ಯಾನ ಮುಚ್ಚಿರುತ್ತೆ, ಅಕ್ಟೋಬರ್ ಹೊತ್ತಿಗೆ ಒಂದೊಂದೇ ವಲಯ ತೆರೆಯುತ್ತೆ. ದಸರಾಕ್ಕೆ ಬಂದರೆ ದಾರಿಗಳು ಇನ್ನೂ ಕೆಸರು, ಹುಲ್ಲು ಎತ್ತರ, ಪ್ರಾಣಿ ಕಾಣೋದು ಕಷ್ಟ. ಚಳಿಗಾಲದ ಕೊನೆಗೆ ಅರಣ್ಯ ಇಲಾಖೆ ಹಳೇ ಹುಲ್ಲು ಸುಡುತ್ತೆ. ಆಮೇಲೆ ಮೊಳಕೆ ಹಸಿರು ಬಂದು ಫೆಬ್ರವರಿಯಿಂದ ಏಪ್ರಿಲ್ ತನಕ ನೋಟ ಬಿಚ್ಚಿಕೊಂಡಿರುತ್ತೆ. ನಿಮ್ಮ ಏಪ್ರಿಲ್ ರಜೆಗೆ ಸರಿಹೊಂದೋದು ಇದೇ. ಮೇ ತನಕ ತಡಮಾಡಬೇಡಿ.

ಬಾಗೋರಿ ವಲಯ ಘೇಂಡಾಮೃಗಕ್ಕೆ, ಅಗರಾತೊಲಿ ಹಕ್ಕಿಗೆ. ಕೊಹೊರಾ ನಡುವಿನದು, ಉಳಿಯುವ ಜಾಗಗಳು ಅಲ್ಲೇ ಹೆಚ್ಚು. ಗೈಡ್‌ಗೆ ಹೇಳಿ ಘೇಂಡಾಮೃಗದ ಲದ್ದಿಗುಡ್ಡೆ ತೋರಿಸಿಕೊಳ್ಳಿ. ಮತ್ತೆ ಮತ್ತೆ ಒಂದೇ ಕಡೆ ಹಾಕಿ ಸೊಂಟದೆತ್ತರ ಗುಡ್ಡೆ ಆಗಿರುತ್ತೆ, ಅದರೊಳಗಿಂದ ಹುಲ್ಲು, ಗಿಡ ಮೊಳೆತಿರುತ್ತೆ. ಯಾರು ಬಂದು ಹೋದರು ಅಂತ ಅವು ಮೂಸಿ ತಿಳಿದುಕೊಳ್ಳೋದು ಅಲ್ಲೇ. ನಮ್ಮನೆಗೆ ಬಂದ ನೆಂಟರ ಮಕ್ಕಳು ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದು ಆ ಗುಡ್ಡೆಯ ಕಥೆಯನ್ನೇ.

ಅಮ್ಮನಿಗೆ ಗುವಾಹಟಿಯಲ್ಲಿ ಕಾಮಾಖ್ಯ. ಬೆಳಗ್ಗೆ ಬೇಗ ಹೋಗಿ, ಸರದಿ ಉದ್ದ ಇರುತ್ತೆ. ಸಮಯ ಇದ್ದರೆ ಕಾಜಿರಂಗದಿಂದ ಜೋರ್ಹಾಟ್‌ಗೆ ಹೋಗಿ, ನಿಮಾತಿ ಘಾಟ್‌ನಿಂದ ಫೆರಿ ಹಿಡಿದು ಮಜುಲಿ ದ್ವೀಪಕ್ಕೆ ಹೋಗಿ. ಶಂಕರದೇವರ ಪರಂಪರೆಯ ಸತ್ರಗಳು, ಅಂದರೆ ವೈಷ್ಣವ ಮಠಗಳಿವೆ, ಸಮಗುರಿ ಸತ್ರದಲ್ಲಿ ಬಿದಿರು, ಜೇಡಿಮಣ್ಣು, ಸಗಣಿ ಸೇರಿಸಿ ನಾಟಕದ ಮುಖವಾಡ ಮಾಡೋದನ್ನ ಕಣ್ಣೆದುರೇ ನೋಡಬಹುದು. ಯಕ್ಷಗಾನ ಗೊತ್ತಿರುವ ಮಕ್ಕಳಾದರೆ ಎದ್ದು ಬರಲ್ಲ.

ತಾಡೋಬಾ ಪ್ರೇಮಿ

ಎಲ್ಲರೂ ಹುಲಿ ಬಿಡಿ ಅಂತಿದ್ದೀರಿ, ನಾನು ಒಪ್ಪಲ್ಲ. ಕಬಿನಿಯಲ್ಲಿ ಐದು ಸಲ ಹೋಗಿ ಒಂದು ಸಲ ಬಾಲ ನೋಡಿ ಬಂದ ಮಕ್ಕಳಿಗೆ ಹುಲಿ ನಡೆದು ಹೋಗೋದನ್ನ ಪೂರ್ತಿ ನೋಡೋ ಆಸೆ ಇರಲ್ವಾ? ಅದರಲ್ಲಿ ತಪ್ಪೇನಿದೆ? ನಮ್ಮ ಕಾಡಲ್ಲಿ ಲಂಟಾನ ಪೊದೆ ದಟ್ಟ. ರಸ್ತೆಯಿಂದ ಹತ್ತಡಿ ಒಳಗೆ ಹುಲಿ ಮಲಗಿದ್ದರೂ ಗೊತ್ತಾಗಲ್ಲ. ಬೇಸಿಗೆಯಲ್ಲಿ ಮಹಾರಾಷ್ಟ್ರದ ತಾಡೋಬಾದಲ್ಲಿ ಎಲೆ ಉದುರಿ ಬಿದಿರು ಒಣಗಿ, ನೀರಿನ ಗುಂಡಿ ಬಿಟ್ಟು ಅವು ಎಲ್ಲಿಗೂ ಹೋಗಲ್ಲ. ನಾಗಪುರದ ತನಕ ರೈಲು, ಅಲ್ಲಿಂದ ಮೂರು ಗಂಟೆಯೊಳಗೆ ಗೇಟು. ಹುಲಿ ನೀರಿಗೆ ಹಿಂದು ಹಿಂದಾಗಿ ಇಳಿದು ಕೂರೋದನ್ನ ನನ್ನ ಮಗಳು ನೋಡಿದಳು. ಆಮೇಲೆ ಮನೆಯಲ್ಲಿ ವನ್ಯಜೀವಿ ಪುಸ್ತಕ ಬಿಟ್ಟು ಬೇರೆ ಮಾತಿಲ್ಲ. ಹುಲಿ ನೋಡಿಯೇ ಕಾಡಿನ ಮೇಲೆ ಪ್ರೀತಿ ಹುಟ್ಟುವ ಮಕ್ಕಳೂ ಇರ್ತಾರೆ.

ಕಾಟಿ ಕಡವೆ, ಮೈಸೂರು

ನಿಮ್ಮ ಮಾತಲ್ಲಿ ನಿಜ ಇದೆ. ಮಗಳ ವಿಷಯ ಓದಿ ಸಂತೋಷ ಆಯ್ತು. ಲಂಟಾನದ ಮಾತಂತೂ ನೂರಕ್ಕೆ ನೂರು ಸರಿ. ಬಂಡೀಪುರದ ನೆಲವನ್ನ ಅದು ನುಂಗಿಬಿಟ್ಟಿದೆ.

ನನ್ನ ಅಳುಕು ಎರಡು. ಏಪ್ರಿಲ್–ಮೇನಲ್ಲಿ ತಾಡೋಬಾ ಇರುವ ಚಂದ್ರಾಪುರದ ಕಡೆ ಬಿಸಿಲು 45 ಡಿಗ್ರಿ ಮುಟ್ಟುತ್ತೆ. ಮಧ್ಯಾಹ್ನದ ಸಫಾರಿಗೆ ತೆರೆದ ಗಾಡಿಯಲ್ಲಿ ಅರವತ್ತೆಂಟರ ಅಮ್ಮನನ್ನೂ ಮೂರನೇ ಕ್ಲಾಸಿನ ಮಗುವನ್ನೂ ಕೂರಿಸೋದು ನನಗೆ ಸರಿ ಕಾಣಲ್ಲ. ಹೋಗಲೇಬೇಕಿದ್ದರೆ ಫೆಬ್ರವರಿ ಕೊನೆ, ಮಾರ್ಚ್ ನೋಡಿಕೊಳ್ಳಲಿ, ಎರಡು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹುಲಿ ಕಂಡಿದೆ ಅಂತ ಸುದ್ದಿ ಹಬ್ಬಿದ ತಕ್ಷಣ ಇಪ್ಪತ್ತು ಗಾಡಿ ನುಗ್ಗಿ ದಾರಿ ಕಟ್ಟುತ್ತವೆ. ತಾಯಿಹುಲಿ ರಸ್ತೆಯ ಈಚೆ, ಮರಿಗಳು ಆಚೆ ಸಿಕ್ಕಿಕೊಂಡು ಕೂಗಿದ್ದನ್ನ ಕಣ್ಣಾರೆ ನೋಡಿದ್ದೇನೆ. ನಡುವೆ ಗಾಡಿಗಳ ಗೋಡೆ. ಡ್ರೈವರ್, ಗೈಡ್‌ಗಳನ್ನೇ ದೂರಿ ಪ್ರಯೋಜನವಿಲ್ಲ. ಹುಲಿ ತೋರಿಸಿದರೆ ಸಾವಿರ ರೂಪಾಯಿ ಭಕ್ಷೀಸು, ಇಲ್ಲದಿದ್ದರೆ ಮುಖ ಸಿಂಡರಿಸೋದು ನಮ್ಮಂಥ ಪ್ರವಾಸಿಗಳೇ. ಹತ್ತುವಾಗಲೇ ಹೇಳಿಬಿಡಿ: "ಅಣ್ಣಾ, ಹುಲಿ ಸಿಗದಿದ್ದರೂ ಭಕ್ಷೀಸು ಕೊಡ್ತೀವಿ, ಗುಂಪಿನ ಹತ್ತಿರ ನುಗ್ಗಿಸಬೇಡಿ, ನಿಧಾನ ಹೋಗೋಣ." ಅವರ ಮುಖವೇ ಬದಲಾಗುತ್ತೆ. ಆಮೇಲೆ ಗೂಬೆಯ ಪೊಟರೆ, ಕರಡಿ ಕೆದರಿದ ಹುತ್ತ, ಮರದ ಮೇಲಿನ ಉಗುರಿನ ಗೀರು, ಎಲ್ಲಾ ತೋರಿಸ್ತಾರೆ. ಜಿಂಕೆ, ಮುಸುವ ಎಚ್ಚರಿಕೆ ಕೂಗು ಕೊಟ್ಟಾಗ ಎಂಜಿನ್ ಆರಿಸಿ ಸುಮ್ಮನೆ ಕೂತರೆ ಹುಲಿ ತಾನಾಗಿ ಬರುವುದೂ ಉಂಟು.

ಬಯಲುಸೀಮೆ ಮಂದಿ, ಗದಗ

ಎಲ್ಲಾರೂ ಮರದ ಕಾಡಿನ ಮಾತೇ ಆಡಾಕತ್ತೀರಿ. ಹುಲ್ಲಿನ ಬಯಲೂ ಕಾಡs ರೀ! ಗುಜರಾತದ ವೇಲಾವದರಕ್ಕ ಹೋಗ್ರಿ, ಭಾವನಗರ ಜಿಲ್ಲಾದಾಗ ಐತಿ. ಬರೇ 34 ಚದರ ಕಿಲೋಮೀಟರಿನ ಸಣ್ಣ ರಾಷ್ಟ್ರೀಯ ಉದ್ಯಾನ. ಕೃಷ್ಣಮೃಗ ನಮ್ಮ ರಾಣೆಬೆನ್ನೂರಿನ್ಯಾಗೂ ಅದಾವು, ಖರೆ. ಆದ್ರ ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬಂಗಾರದ ಬಣ್ಣದ ಹುಲ್ಲು, ಅದರಾಗ ನೂರಾರು ಕೃಷ್ಣಮೃಗ ಒಂದರ ಹಿಂದ ಒಂದು ಪುಟಿತಾವು. ತೋಳ ಅದಾವು. ಚಳಿಗಾಲದಾಗ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಅನ್ನೋ ಬೇಟೆಹಕ್ಕಿ ಬರ್ತಾವು. ಹೊತ್ತು ಮುಳುಗೂ ಮುಂದ ಸುತ್ತಲ ಹೊಲದಿಂದ ಹಾರಿ ಬಂದು ಹುಲ್ಲಿನ್ಯಾಗ ನೆಲದ ಮ್ಯಾಲೇ ಇಳೀತಾವು ರಾತ್ರಿ ಕಳಿಯಾಕ. ಹಂತಾದ್ದು ನಾ ಬ್ಯಾರೆ ಎಲ್ಲೂ ನೋಡಿಲ್ಲ.

ನಮ್ಮ ಕಡೆ ಇಂಥಾ ನೆಲಕ್ಕ ಪಾಳು ಅಂತ ಕಾಗದದಾಗ ಬರದು ಕಾರ್ಖಾನಿಗೆ, ಸೋಲಾರಕ್ಕ ಕೊಡ್ತಾರ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಒಂದು ಕಾಲಕ್ಕ ರಾಣೆಬೆನ್ನೂರಿನ್ಯಾಗ ಇತ್ತು, ಈಗ ಸಿರುಗುಪ್ಪದ ಕಡೆ ಒಂದೆರಡು ಉಳದಾವು ಅಂದ್ರ ಹೆಚ್ಚು. ಉಳಿದ ಹಕ್ಕಿಯೊಳಗ ಬಹುಪಾಲು ಜೈಸಲ್ಮೇರದ ಕಡೆ, ಅಲ್ಲಿಯ ಮರುಭೂಮಿ ರಾಷ್ಟ್ರೀಯ ಉದ್ಯಾನ, ಅದರ ಸುತ್ತಮುತ್ತ. ಮಕ್ಕಳು ಒಂದು ಸಲ ವೇಲಾವದರ ನೋಡಿದ್ರ, ತಮ್ಮೂರ ಹುಲ್ಲುಬಯಲು ನೋಡೋ ಕಣ್ಣ ಬ್ಯಾರೆ ಆಗ್ತದ. ನನಗ ಹಂಗ ಆಗೇತಿ.

ಅದೇ ಪ್ರವಾಸದಾಗ ಗಿರ್ ಮಾಡ್ರಿ. 2025ರ ಎಣಿಕೆಯೊಳಗ ಗುಜರಾತದಾಗ 891 ಸಿಂಹ. ಆಫ್ರಿಕಾ ಬಿಟ್ರ ಕಾಡಿನ್ಯಾಗ ಸಿಂಹ ಇರೂದು ಇಲ್ಲೇ. ಅಕ್ಟೋಬರ್ 15ರ ತನಕಾ ಎರಡೂ ಬಂದ್ ಇರ್ತಾವು, ಹಂಗಾಗಿ ದಸರಾ ಬ್ಯಾಡ, ಡಿಸೆಂಬರ್ ಹೋಗ್ರಿ. ಗಿರ್ ಸುತ್ತ ಜಾಂಬೂರಿನಂಥ ಊರಾಗ ಸಿದ್ದಿ ಮಂದಿ ಇರ್ತಾರ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಯರ ಹಂಗs ಅವರ ಹಿರೇರೂ ಆಫ್ರಿಕಾದಿಂದ ಬಂದವರು. ಅವ್ವಗ ಸೋಮನಾಥ ಅಲ್ಲೇ ಸಮೀಪ. ಜುನಾಗಢದಾಗ ಗಿರನಾರದ ಬುಡಕ್ಕ ಅಶೋಕನ ಶಾಸನದ ಬಂಡಿ ಐತಿ. ಮಸ್ಕಿ, ಬ್ರಹ್ಮಗಿರಿ ಶಾಸನ ಪಾಠದಾಗ ಓದಿದ ಮಗಳಿಗೆ ತಪ್ಪದs ತೋರಸ್ರಿ. ಅಹ್ಮದಾಬಾದದಿಂದ ಭಾವನಗರಕ್ಕ ಹೋಗೂ ಹಾದಿ ಮಗ್ಗಲಕ್ಕ ಲೋಥಲ್ ಐತಿ, ಸಿಂಧೂ ಕಾಲದ್ದು.

ಗಿರ್ ಪರ್ಮಿಟ್ ತಗೊಳೂ ಮುಂದ ಅರಣ್ಯ ಇಲಾಖೆಯ ಸ್ವಂತ ಜಾಲತಾಣನೇ ಅಂತ ಎರಡು ಸಲ ನೋಡ್ರಿ. ಹೆಸರು ಹಂಗs ಇಟ್ಟು ರೊಕ್ಕ ಹೆಚ್ಚಿಗೆ ಕೀಳೋ ಜಾಲತಾಣ ಭಾಳ ಅದಾವು.

ಕಾಂಡ್ಲಾ ತೀರ, ಕುಂದಾಪುರ

ಮಂಡಿನೋವಿನ ಅಮ್ಮ ಅಂದಾಗ ನನಗೆ ಮೊದಲು ನೆನಪಾದ್ದು ಸುಂದರಬನ. ಅಲ್ಲಿ ಜೀಪಿಲ್ಲ, ಕುಲುಕಾಟವಿಲ್ಲ. ಇಡೀ ದಿನ ದೋಣಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರಾಯಿತು. ಊಟವೂ ದೋಣಿಯಲ್ಲೇ ಬೇಯುತ್ತದೆ. ಮೀನಿಲ್ಲದ ಅಡುಗೆ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿಡಿ ಮಾರಾಯ್ರೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನಮ್ಮ ಪಂಚಗಂಗಾವಳಿಯಲ್ಲೂ ಇದೆ, ಹೊನ್ನಾವರದ ಶರಾವತಿಯಲ್ಲೂ ಇದೆ. ಆದರೆ ನದಿಯಂಚಿನ ಗಿಡ ಬೇರೆ, ದಿಗಂತದವರೆಗೆ ಅದೇ ಕಾಡಾಗಿ ನಿಂತದ್ದು ಬೇರೆ. ಗಂಗೆ, ಬ್ರಹ್ಮಪುತ್ರ, ಮೇಘನಾ ಹೊತ್ತು ತಂದ ಹೂಳಿನ ಮೇಲೆ ಬೆಳೆದದ್ದು. ಅರ್ಧಕ್ಕಿಂತ ಹೆಚ್ಚು ಬಾಂಗ್ಲಾದೇಶದ ಪಾಲು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದಲ್ಲಿ ನೋಡಬೇಕು ನೀವು. ದಡದ ಕೆಸರಿನಲ್ಲಿ ಗೇಣುದ್ದದ ಉಸಿರುಬೇರುಗಳು ಸಾವಿರಾರು, ಮೊನೆ ಮೇಲಾಗಿ ನಿಂತಿರುತ್ತವೆ. ನಡುವೆ ಕೆಸರುಮೀನು ಕುಪ್ಪಳಿಸುತ್ತದೆ, ಒಂದೇ ಚಿಮ್ಮಟ ದೊಡ್ಡದಾಗಿರುವ ಕೆಂಪು ಏಡಿ ಬಿಲದಿಂದ ಇಣುಕುತ್ತದೆ. ಅದೇ ಕೆಸರಿನ ಮೇಲೆ ಒಮ್ಮೆ ನಮ್ಮ ಗೈಡ್ ಹುಲಿಯ ಹೆಜ್ಜೆ ತೋರಿಸಿದರು. ನೀರಿನಿಂದೆದ್ದು ಕಾಡಿಗೆ ಹತ್ತಿದ್ದು, ಪ್ರತಿ ಹೆಜ್ಜೆಯೂ ಮೊಣಕೈಯಷ್ಟು ಆಳ. ಹುಲಿ ಕಾಣಲಿಲ್ಲ. ಅಲ್ಲಿ ಕಾಣುವುದು ಅಪರೂಪವೇ.

ಜೇನು ಕೀಳುವವರು, ಏಡಿ ಹಿಡಿಯುವವರು ಕಾಡಿಗೆ ಇಳಿಯುವ ಮುಂಚೆ ಬನಬೀಬಿಗೆ ಕೈಮುಗಿಯುತ್ತಾರೆ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಂಬುವ ಕಾಡಿನ ತಾಯಿ. ನಮ್ಮಮ್ಮ ಆ ಗುಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು.

ಕೋಲ್ಕತ್ತದಿಂದ ಗೋಡ್‌ಖಾಲಿ ಜೆಟ್ಟಿಗೆ ಮೂರು ಗಂಟೆ, ಅಲ್ಲಿಂದ ದೋಣಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಒಂದೇ ರಾತ್ರಿಯ ಪ್ಯಾಕೇಜ್ ತೆಗೆದುಕೊಳ್ಳಬೇಡಿ, ಎರಡು ರಾತ್ರಿಯಾದರೂ ಇರಲಿ. ಜೋರಾಗಿ ಹಾಡು ಹಾಕುವ ದೋಣಿಗಳಿಂದ ದೂರ ಇರುವವರನ್ನು ಹುಡುಕಿ. ಬರುವಾಗ ಕೋಲ್ಕತ್ತದಲ್ಲಿ ದಕ್ಷಿಣೇಶ್ವರ, ಬೇಲೂರು ಮಠ.

ಹಾಸನದ ಟೀಚರ್

ಚಿಕ್ಕ ಮಗ ಇದ್ದಾನೆ ಅಂದಿರಿ. ಸಫಾರಿ ಗಾಡಿಯಲ್ಲಿ ಮೂರು ನಾಲ್ಕು ಗಂಟೆ ಕೆಳಗಿಳಿಯದೆ ಕೂರುವುದು ಆ ವಯಸ್ಸಿಗೆ ಶಿಕ್ಷೆಯೇ. ಅದಕ್ಕೆ ಭರತಪುರದ ಕೇವಲಾದೇವ್ ಉದ್ಯಾನವನ್ನು ಸೇರಿಸಿಕೊಳ್ಳಿ. ಸುಮಾರು 29 ಚದರ ಕಿಲೋಮೀಟರ್. ಒಳಗೆ ನಡೆಯಬಹುದು, ಸೈಕಲ್ ತುಳಿಯಬಹುದು. ಅಮ್ಮನಿಗೆ ಸೈಕಲ್ ರಿಕ್ಷಾ ಇದೆ. ರಿಕ್ಷಾ ತುಳಿಯುವವರಲ್ಲಿ ಎಷ್ಟೋ ಮಂದಿ ಹಕ್ಕಿ ಗುರುತಿಸುವುದರಲ್ಲಿ ನುರಿತವರು. ನಮ್ಮನ್ನು ಕರೆದೊಯ್ದ ಹಿರಿಯರು ಒಣಮರದ ಪೊಟರೆಯಲ್ಲಿ ತೊಗಟೆಯ ಬಣ್ಣಕ್ಕೇ ಬೆರೆತು ನಿದ್ದೆ ಹೋಗಿದ್ದ ಪುಟ್ಟ ಗೂಬೆಯನ್ನು ಪೆಡಲ್ ನಿಲ್ಲಿಸದೆಯೇ ತೋರಿಸಿದರು.

ಈ ಜಾಗ ಒಂದು ಕಾಲದ ಮಹಾರಾಜರ ಬಾತುಕೋಳಿ ಬೇಟೆಯ ಜೌಗು. ವೈಸ್‌ರಾಯ್ ಲಿನ್ಲಿತ್‌ಗೋ ತಂಡ 1938ರ ನವೆಂಬರಿನ ಒಂದೇ ದಿನ 4,273 ಹಕ್ಕಿ ಹೊಡೆದ ಲೆಕ್ಕ ಅಲ್ಲಿನ ಕಲ್ಲಿನ ಫಲಕದ ಮೇಲೆ ಇಂದಿಗೂ ಇದೆ. ಮಕ್ಕಳು ಆ ಸಾಲನ್ನು ಓದಿ ಮಾತಿಲ್ಲದೆ ನಿಂತರು. ಇಲ್ಲಿಗೆ ಚಳಿಗಾಲಕ್ಕೆ ಬರುತ್ತಿದ್ದ ಸೈಬೀರಿಯದ ಬಿಳಿ ಕೊಕ್ಕರೆ 2002ರ ನಂತರ ಬಂದಿಲ್ಲ. ಇದನ್ನು ಉಳಿಸಲು ದುಡಿದ ಪಕ್ಷಿತಜ್ಞ ಸಲೀಂ ಅಲಿಯವರೇ 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾಗಲು ಕಾರಣರಾದವರು. ಕೊಕ್ಕರೆಬೆಳ್ಳೂರಿನ ಬಣ್ಣದ ಕೊಕ್ಕರೆ, ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಇಲ್ಲೂ ಕಾಣುತ್ತವೆ. "ಇದು ನಮ್ಮೂರ ಹಕ್ಕಿ" ಎಂದು ಮಕ್ಕಳು ಕೂಗುವಾಗಿನ ಸಂಭ್ರಮವೇ ಬೇರೆ.

ನೀರು ಸಾಕಷ್ಟು ಬಿಟ್ಟ ವರ್ಷ ಹಕ್ಕಿ ತುಂಬಿರುತ್ತವೆ, ಮಳೆ ಕೈಕೊಟ್ಟ ವರ್ಷ ಸಪ್ಪೆ. ಹೊರಡುವ ಮುನ್ನ ಅಲ್ಲಿನ ಯಾವುದಾದರೂ ಲಾಡ್ಜಿಗೆ ಫೋನ್ ಮಾಡಿ ನೀರಿದೆಯೇ ಎಂದು ಕೇಳಿ. ಉದ್ಯಾನದೊಳಗೇ ಕೇವಲಾದೇವ ಶಿವನ ಗುಡಿ ಇದೆ, ಹೆಸರು ಬಂದದ್ದು ಅದರಿಂದಲೇ. ಮಥುರಾ, ಫತೇಪುರ್ ಸಿಕ್ರಿ, ಆಗ್ರಾ ಎಲ್ಲವೂ ಒಂದೂವರೆ ಗಂಟೆಯೊಳಗೆ. ಡಿಸೆಂಬರ್ ಕೊನೆಯಲ್ಲಿ ಮಂಜು ದಟ್ಟ, ರೈಲು ತಡವಾಗುತ್ತವೆ. ವಾಪಸಿನ ಟಿಕೆಟ್ ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಸ್ಲೀಪರ್ ಕ್ಲಾಸ್

ಪರ್ಮಿಟ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಕಾನ್ಹಾ, ಪೆಂಚ್, ರಣಥಂಬೋರ್, ಗಿರ್ ಇಲ್ಲೆಲ್ಲಾ ಮೊದಲು ಸಫಾರಿ ಪರ್ಮಿಟ್, ಆಮೇಲೆ ರೈಲು, ಕೊನೆಗೆ ರೂಮು. ಬಹಳ ಜನ ತಿರುಗುಮುರುಗು ಮಾಡ್ತಾರೆ. ಕ್ರಿಸ್‌ಮಸ್ ವಾರದ ಪರ್ಮಿಟ್ ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಗೇಟಿನಲ್ಲಿ ತೋರಿಸಬೇಕು, ಅಸಲು ಪ್ರತಿ. ಮಕ್ಕಳದ್ದೂ ಬೇಕು. ಮಧ್ಯಪ್ರದೇಶದ ಉದ್ಯಾನಗಳಲ್ಲಿ ಬುಧವಾರ ಮಧ್ಯಾಹ್ನ ಸಫಾರಿ ಇಲ್ಲ, ತಾಡೋಬಾ ಕೋರ್ (ಕಾಡಿನ ಒಳಭಾಗ) ಮಂಗಳವಾರ ರಜೆ. ದಿನ ಲೆಕ್ಕ ಹಾಕುವಾಗ ಇದು ನೋಡ್ಕೊಳ್ಳಿ. ಕೋರ್ ಸಿಗದಿದ್ದರೆ ಬಫರ್ (ಅದರ ಸುತ್ತಲಿನ ಅಂಚಿನ ಕಾಡು) ತಗೊಳ್ಳಿ, ಬೇಜಾರು ಬೇಡ, ಗಾಡಿ ಕಮ್ಮಿ ಇರುತ್ತೆ. ಬಹಳ ಕಡೆ ಒಳಗೆ ಮೊಬೈಲ್ ಬಳಸೋಕೆ ಬಿಡಲ್ಲ, ಮಗಳಿಗೆ ಒಂದು ಬೈನಾಕ್ಯುಲರ್ ಕೊಡಿಸಿ.

ಜಿಪ್ಸಿಯ ಹಿಂದಿನ ಸೀಟು ಎತ್ತಿ ಹಾಕುತ್ತೆ. ಅಮ್ಮನನ್ನ ನಡುವಿನ ಸಾಲಲ್ಲಿ ಕೂರಿಸಿ. ಹತ್ತೋಕೆ ಸ್ಟೂಲ್ ಬೇಕು ಅಂತ ಲಾಡ್ಜಿನವರಿಗೆ ಮೊದಲೇ ಹೇಳಿ.

ದಾವಣಗೆರೆ ದಾರಿಹೋಕ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಮನೆಯವರಿಗೆಲ್ಲ ಓದಿ ಹೇಳಿದೆ. ಏಜೆಂಟ್‌ಗೆ ಬೇಡ ಅಂತ ಹೇಳಿಯಾಯ್ತು. ಈ ಡಿಸೆಂಬರ್ ಜಬಲ್ಪುರ, ಕಾನ್ಹಾ, ಒಂದೇ ಕಡೆ ನಾಲ್ಕು ರಾತ್ರಿ. ನರ್ಮದೆ ಅಂದ ಕೂಡಲೇ ಅಮ್ಮ ತೀರ್ಮಾನ ಮಾಡಿಬಿಟ್ಟರು. ಕ್ರಿಸ್‌ಮಸ್ ವಾರ ಬಿಟ್ಟು ತಿಂಗಳ ಮೊದಲಲ್ಲೇ ಹೋಗ್ತೀವಿ, ಶಾಲೆಗೆ ರಜೆ ಕೇಳಿದ್ದಾಯ್ತು. ಏಪ್ರಿಲ್‌ಗೆ ಕಾಜಿರಂಗ. ಮಗಳು ಸುಂದರಬನ ಅಂತ ಹಟ ಹಿಡಿದಿದ್ದಾಳೆ, ಅದು ಮರುವರ್ಷದ ಚಳಿಗಾಲಕ್ಕೆ. ಮಗ ಕೇಳೋದು ಹೂವಿನ ಕಣಿವೆ, ಹಿಮಚಿರತೆ. ಅಮ್ಮನ ಜೊತೆ ಅವೆಲ್ಲ ಆಗುತ್ತಾ?

ಕಾಟಿ ಕಡವೆ, ಮೈಸೂರು

ಹಿಮಚಿರತೆ ನೋಡೋದು ಲಡಾಖಿನ ಹೇಮಿಸ್ ಕಡೆ, ಅದೂ ಕಡುಚಳಿಗಾಲದಲ್ಲಿ, ಹನ್ನೆರಡು ಸಾವಿರ ಅಡಿಗೂ ಮೇಲೆ. ಅಮ್ಮನಿಗೆ, ಮಗನಿಗೆ ಇಬ್ಬರಿಗೂ ಈಗ ಬೇಡ. ಉತ್ತರಾಖಂಡದ ಹೂವಿನ ಕಣಿವೆಗೆ ಜುಲೈ–ಆಗಸ್ಟ್ ಹೊತ್ತಿಗೆ ಹೋಗಬೇಕು, ಘಾಂಘರಿಯಾ ತನಕ ನಡೆಯಬೇಕು ಇಲ್ಲವೇ ಕುದುರೆ, ಮಳೆಗೆ ದಾರಿ ಕುಸಿಯುತ್ತೆ. ಮಗ ಹೈಸ್ಕೂಲಿಗೆ ಬರಲಿ, ನೀವಿಬ್ಬರೇ ಹೋಗಿ ಬನ್ನಿ.

ಕಾನ್ಹಾದಲ್ಲಿ ಒಂದು ಬೆಳಗ್ಗೆ ಕಾನ್ಹಾ ವಲಯ, ಇನ್ನೊಂದು ಬೆಳಗ್ಗೆ ಮುಕ್ಕಿ ಸಿಕ್ಕರೆ ತಗೊಳ್ಳಿ. ಕಾನ್ಹಾ ವಲಯದಲ್ಲಿ ನಡುವೆ ಇಳಿದು ತಿಂಡಿ ತಿನ್ನೋಕೆ, ಶೌಚಕ್ಕೆ ಜಾಗ ಇದೆ, ಪುಟ್ಟ ಮ್ಯೂಸಿಯಂ ಇದೆ. ಅಮ್ಮನಿಗೆ ಅದು ಅನುಕೂಲ.

ಗುವಾಹಟಿ ಕನ್ನಡಿಗ

ಏಪ್ರಿಲ್ ಅಂದಿರಲ್ಲ, ಟಿಕೆಟ್ ಮಾಡೋ ಮೊದಲು ಇದು ನೋಡಿ. ಏಪ್ರಿಲ್ ಮಧ್ಯಕ್ಕೆ ರೊಂಗಾಲಿ ಬಿಹು, ಅಸ್ಸಾಮಿನ ಹೊಸವರ್ಷ. ನಮ್ಮ ಸೌರ ಯುಗಾದಿ ಹೊತ್ತಿಗೇ ಬರುತ್ತೆ. ಆ ದಿನಗಳಲ್ಲಿ ಊರೂರಲ್ಲಿ ಡೋಲು, ಪೆಪಾ ಅನ್ನೋ ಕೊಂಬುವಾದ್ಯ, ಕುಣಿತ, ಅಮ್ಮನಿಗೂ ಮಕ್ಕಳಿಗೂ ಹಬ್ಬ. ಆದರೆ ಅಂಗಡಿ, ಟ್ಯಾಕ್ಸಿ, ಸರ್ಕಾರಿ ಲಾಡ್ಜು ಎಲ್ಲಾ ಇಕ್ಕಟ್ಟು. ಬಿಹುವಿನ ಮೊದಲ ಎರಡು ದಿನ ಗುವಾಹಟಿಯಲ್ಲಿ ಕಳೆದು, ಆಮೇಲೆ ಕೊಹೊರಾಕ್ಕೆ ಹೊರಟರೆ ಸರಿಹೋಗುತ್ತೆ. ಸೂರ್ಯ ಇಲ್ಲಿ ಐದರ ಹೊತ್ತಿಗೆಲ್ಲ ಹುಟ್ಟಿಬಿಡ್ತಾನೆ, ಬೆಳಗಿನ ಸಫಾರಿಗೆ ಮಕ್ಕಳನ್ನ ಎಬ್ಬಿಸೋದು ಕಷ್ಟ ಆಗಲ್ಲ. ಗುಡುಗು ಮಳೆ ಸಂಜೆ ಹೊತ್ತು ಬರಬಹುದು, ಐದು ಜನಕ್ಕೂ ರೈನ್‌ಕೋಟ್ ಇರಲಿ, ಕೊಡೆ ಜೀಪಿನಲ್ಲಿ ನಿಲ್ಲಲ್ಲ. ದಿನಾಂಕ ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ, ಯಾವ ವಲಯ ತೆರೆದಿದೆ ಅಂತ ಕೇಳಿ ಹೇಳ್ತೀನಿ.